ಅವಳಿಗೆ ಏನಾಯಿತು? ‘ಸ್ಪೋರ್‌ಲೋಸ್’ ಕುರಿತು ಓದುಗರ ಪ್ರಶ್ನೆ, ನಮ್ಮ ಉತ್ತರ

1988ರ ಡಚ್-ಫ್ರೆಂಚ್ ಥ್ರಿಲ್ಲರ್ ‘ಸ್ಪೋರ್‌ಲೋಸ್’ ಹೊರಗಿನ ಪ್ರೇಕ್ಷಕರಿಗೆ ‘ದಿ ವ್ಯಾನಿಶಿಂಗ್’ ಎಂಬ ಇಂಗ್ಲಿಷ್ ಹೆಸರಿನಲ್ಲೇ ಹೆಚ್ಚು ಪರಿಚಿತ. ಟಿಮ್ ಕ್ರಾಬೆ 1984ರಲ್ಲಿ ಬರೆದ ಕಿರುಕಾದಂಬರಿಯನ್ನು ಜಾರ್ಜ್ ಸ್ಲೈಜರ್ ತೆರೆಗೆ ತಂದರು. ರಜೆಗೆಂದು ಕಾರಿನಲ್ಲಿ ಫ್ರಾನ್ಸಿಗೆ ಹೊರಟ ರೆಕ್ಸ್ ಮತ್ತು ಸಾಸ್ಕಿಯಾ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತಾರೆ. ಕುಡಿಯಲು ಏನಾದರೂ ತರುತ್ತೇನೆಂದು ಹೋದ ಸಾಸ್ಕಿಯಾ ಮರಳಿ ಬರುವುದಿಲ್ಲ. ಮೂರು ವರ್ಷ ಕಳೆದರೂ ರೆಕ್ಸ್ ಹುಡುಕುತ್ತಲೇ ಇರುತ್ತಾನೆ.

ಕಥೆಯ ಕೊನೆಯನ್ನು ಮುಚ್ಚಿಟ್ಟು ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದು. ಸಿನಿಮಾ ನೋಡದವರು ಮೊದಲ ಉತ್ತರವನ್ನಷ್ಟೇ ಓದಿ ಇಲ್ಲಿಗೇ ನಿಲ್ಲಿಸಿ. ಉಳಿದದ್ದನ್ನು ನೋಡಿದ ಮೇಲೆ ಓದಬಹುದು.

ಪ್ರಶ್ನೆ: ಒಂದೇ ಹೆಸರಿನ ಎರಡು ಸಿನಿಮಾ ಕಾಣುತ್ತಿವೆ. ಯಾವುದನ್ನು ನೋಡಬೇಕು, ಗುರುತಿಸುವುದು ಹೇಗೆ?

ಉತ್ತರ: 1988ರದ್ದನ್ನೇ ನೋಡಿ. ಅವಧಿ ನೋಡಿ ಗುರುತು ಹಿಡಿಯಲು ಹೋಗಬೇಡಿ, ಎರಡೂ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆಯವು. ನಿರ್ದೇಶಕರ ಹೆಸರೂ ನೆರವಿಗೆ ಬರದು, ಎರಡನ್ನೂ ಮಾಡಿದವರು ಸ್ಲೈಜರ್ ಅವರೇ. ಪಾತ್ರವರ್ಗ ನೋಡಿ. ಜೀನ್ ಬರ್ವೂಟ್ಸ್, ಯೊಹಾನಾ ಟೆರ್ ಸ್ಟೇಗೆ, ಬರ್ನಾರ್-ಪಿಯೇರ್ ದೊನ್ನಾದ್ಯೂ ಇದ್ದರೆ ಅದು ಮೂಲ. ಜೆಫ್ ಬ್ರಿಜಸ್, ಕೀಫರ್ ಸದರ್‌ಲ್ಯಾಂಡ್, ಸಾಂಡ್ರಾ ಬುಲಕ್ ಇದ್ದರೆ ಅದು 1993ರ ಅಮೆರಿಕನ್ ರೀಮೇಕ್.

ಡಬ್ ಆದ ಪ್ರತಿ ಬೇಡ. ಮೂಲದಲ್ಲಿ ಡಚ್, ಫ್ರೆಂಚ್ ಎರಡೂ ಇವೆ. ಸಾಸ್ಕಿಯಾ ತಡವರಿಸುತ್ತಾ ಫ್ರೆಂಚ್ ಮಾತಾಡುವುದು ಕಥೆಯ ಮುಖ್ಯ ಕೊಂಡಿ, ಡಬ್ಬಿಂಗಿನಲ್ಲಿ ಅದೇ ಮಾಯವಾಗುತ್ತದೆ. ಫ್ರೆಂಚ್ ಸಂಭಾಷಣೆ ಹೆಚ್ಚಾಯಿತೆಂಬ ಕಾರಣಕ್ಕೇ ಆಸ್ಕರ್ ಸ್ಪರ್ಧೆಯಲ್ಲಿ ನೆದರ್ಲೆಂಡ್ಸ್‌ನ ಈ ಪ್ರವೇಶ ತಿರಸ್ಕೃತವಾಯಿತು. ಟ್ರೇಲರ್, ಪೋಸ್ಟರ್ ಯಾವುದನ್ನೂ ಮೊದಲು ನೋಡಬೇಡಿ. ಒಂದೇ ಕೂತಿನಲ್ಲಿ ನೋಡಿ ಮುಗಿಸಿ.

ಪ್ರಶ್ನೆ: ಅಪರಾಧಿ ಯಾರೆಂದು ಆರಂಭದಲ್ಲೇ ತೋರಿಸಿಬಿಡುತ್ತಾರೆ. ಅಲ್ಲಿಗೆ ಸಸ್ಪೆನ್ಸ್ ಮುಗಿದಂತಲ್ಲವೇ?

ಉತ್ತರ: ಸಸ್ಪೆನ್ಸ್ ಮುಗಿಯುವುದಿಲ್ಲ, ಪ್ರಶ್ನೆ ಬದಲಾಗುತ್ತದೆ. ‘ಯಾರು’ ಎಂಬುದನ್ನು ಪಕ್ಕಕ್ಕಿಟ್ಟ ಕೂಡಲೇ ‘ಏನು ಮಾಡಿದ’ ಎಂಬುದೊಂದೇ ಉಳಿಯುತ್ತದೆ. ರೆಕ್ಸ್‌ನನ್ನು ಕಾಡುವುದೂ ಅದೇ. ಅಪರಾಧಿಯ ಮನೆ, ಮಡದಿ, ಇಬ್ಬರು ಹೆಣ್ಣುಮಕ್ಕಳು, ಕೆಲಸ ಎಲ್ಲವನ್ನೂ ನಾವು ನೋಡುತ್ತೇವೆ. ಆದರೂ ಬೇಕಾದ ಒಂದು ವಿಷಯ ಕೈಗೆ ಸಿಗುವುದಿಲ್ಲ. ಹೀಗಾಗಿ ರೆಕ್ಸ್‌ನ ಹಸಿವು ನಮಗೂ ಅಂಟಿಕೊಳ್ಳುತ್ತದೆ. ಅವನು ತಪ್ಪು ಹೆಜ್ಜೆ ಇಡುವಾಗ ಬೇಡ ಎನ್ನುವ ಮನಸ್ಸೇ, ಇಡಲಿ, ಗೊತ್ತಾಗಲಿ ಎಂದೂ ಬಯಸುತ್ತದೆ.

ಆ ಅಪರಾಧಿ ಲೆಮೋರ್ನ್‌ನ ಪಾತ್ರವನ್ನು ಕಟ್ಟಿದ ರೀತಿಯನ್ನೂ ಗಮನಿಸಿ. ಅವನೊಬ್ಬ ರಸಾಯನಶಾಸ್ತ್ರದ ಮೇಷ್ಟ್ರು. ಕ್ರೌರ್ಯಕ್ಕೆ ಬಾಲ್ಯದ ಗಾಯವನ್ನು ಕಾರಣವಾಗಿ ಕೊಡುವ ಸುಲಭದ ದಾರಿಯನ್ನು ಸಿನಿಮಾ ಹಿಡಿಯುವುದಿಲ್ಲ. ಹದಿಹರೆಯದಲ್ಲಿ ಅವನು ಬಾಲ್ಕನಿಯ ಮೇಲೆ ಕೂತು, ನಾನು ಹಾರುವುದಿಲ್ಲ ಎಂದು ಯಾರು ಬರೆದಿಟ್ಟಿದ್ದಾರೆ ಎಂದು ಯೋಚಿಸಿ ಹಾರಿಬಿಟ್ಟವನು. ದೊಡ್ಡವನಾದ ಮೇಲೆ ಮುಳುಗುತ್ತಿದ್ದ ಮಗುವನ್ನು ಕಾಪಾಡುತ್ತಾನೆ, ಮಗಳ ಕಣ್ಣಲ್ಲಿ ವೀರನಾಗುತ್ತಾನೆ. ಇಷ್ಟು ಒಳ್ಳೆಯದು ನನ್ನಿಂದ ಆಗುವುದಾದರೆ ಅತಿ ಕೆಟ್ಟದ್ದೂ ಆಗಬಲ್ಲದೇ ಎಂಬ ಲೆಕ್ಕಾಚಾರ ಅಲ್ಲಿಂದ ಶುರು. ಆಮೇಲೆ ಎಲ್ಲವೂ ತಾಲೀಮು. ಖಾಲಿ ಕಾರಿನಲ್ಲಿ ಒಬ್ಬನೇ ಕೂತು ಸಂಭಾಷಣೆ ಅಭ್ಯಾಸ ಮಾಡುತ್ತಾನೆ, ಬಾಗಿಲು ಹಾಕುವ ಚಲನೆಯನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಾನೆ, ತನ್ನ ನಾಡಿ ಬಡಿತ ಎಣಿಸುತ್ತಾನೆ. ಹಳ್ಳಿಮನೆಯಲ್ಲಿ ಮನೆಮಂದಿಯನ್ನೆಲ್ಲ ಆಟವಾಗಿ ಕಿರುಚಲು ಬಿಟ್ಟು, ಸದ್ದು ನೆರೆಗೆ ಕೇಳಿತೇ ಎಂದು ತಿಳಿದುಕೊಳ್ಳುತ್ತಾನೆ.

ಅವನ ಪ್ರಯತ್ನಗಳು ಸಾಲಾಗಿ ಕೆಡುವುದು ಇನ್ನೂ ಮುಖ್ಯ. ಒಮ್ಮೆ ಮಾತಾಡಿಸಿದವಳು ಪರಿಚಯದವಳೇ ಆಗಿಬಿಡುತ್ತಾಳೆ. ಇನ್ನೊಮ್ಮೆ ಸೀನು ಬಂದು, ಕ್ಲೋರೋಫಾರ್ಮ್ ಹಾಕಿದ ಕರವಸ್ತ್ರವನ್ನು ತನ್ನ ಮೂಗಿಗೇ ಹಿಡಿದುಕೊಳ್ಳುತ್ತಾನೆ. ನೋಡುವವರಿಗೆ ನಗು ಬರುತ್ತದೆ, ಆ ಹೊತ್ತಿಗೆ ಭಯ ಸಡಿಲವಾಗುತ್ತದೆ. ಆಮೇಲೆ ಸಾಸ್ಕಿಯಾ ಸಿಕ್ಕಿಬೀಳುವುದು ಯೋಜನೆಯ ಬಲದಿಂದಲ್ಲ, ಅವಳ ಒಳ್ಳೆಯತನದಿಂದ. ರೆಕ್ಸ್‌ನ ಹೆಸರಿನ ಮೊದಲ ಅಕ್ಷರವಿರುವ ಕೀಚೈನ್ ಒಂದನ್ನು ಲೆಮೋರ್ನ್ ಬಳಿ ಕಂಡು, ಅಂಥದ್ದೇ ಒಂದನ್ನು ರೆಕ್ಸ್‌ಗೆ ಕೊಡೋಣ ಎಂದು ಆಸೆಪಡುತ್ತಾಳೆ. ಅಷ್ಟೇ ಸಾಕಾಗುತ್ತದೆ.

ಪ್ರಶ್ನೆ: ಮೂಗಿಗೆ ಕ್ಲೋರೋಫಾರ್ಮ್ ಹಾಕಿದ ಬಟ್ಟೆ ಹಿಡಿದರೆ ಕ್ಷಣದಲ್ಲಿ ಎಚ್ಚರ ತಪ್ಪುವುದು ನಿಜವೇ?

ಉತ್ತರ: ಇಲ್ಲ. ಅದು ಪತ್ತೇದಾರಿ ಕಥೆಗಳು ಬೆಳೆಸಿದ ನಂಬಿಕೆ. ಎಚ್ಚರ ತಪ್ಪಲು ಸೆಕೆಂಡುಗಳಲ್ಲ, ನಿಮಿಷಗಳು ಬೇಕು. ಹೃದಯದ ಬಡಿತವನ್ನೇ ನಿಲ್ಲಿಸುವ ಅಪಾಯ ಇರುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ವೈದ್ಯರು ಎಂದೋ ಬಿಟ್ಟರು.

ಪ್ರಶ್ನೆ: ಕೊಲೆಗಾರ ಮತ್ತು ಬರಿಸುವ ಮದ್ದು ಬೆರೆಸಿ ಕೊಟ್ಟ ಕಾಫಿಯನ್ನು ರೆಕ್ಸ್ ಕುಡಿಯುವುದು ನಂಬುವಂತಿಲ್ಲ. ಯಾರಾದರೂ ಹಾಗೆ ಮಾಡುತ್ತಾರೆಯೇ?

ಉತ್ತರ: ಆ ದೃಶ್ಯವನ್ನಷ್ಟೇ ಕಿತ್ತು ನೋಡಿದರೆ ನಂಬುವುದು ಕಷ್ಟ. ಆದರೆ ಅದಕ್ಕೆ ಬೇಕಾದ ಮೆಟ್ಟಿಲುಗಳನ್ನು ಸಿನಿಮಾ ಒಂದೊಂದಾಗಿ ಮೊದಲೇ ಹಾಕಿಟ್ಟಿದೆ.

ಮೊದಲನೆಯದು ಸುರಂಗ. ಕಾರಿನ ಪೆಟ್ರೋಲ್ ಕತ್ತಲ ಸುರಂಗದಲ್ಲಿ ಖಾಲಿಯಾಗುತ್ತದೆ. ಸಾಸ್ಕಿಯಾ ಟಾರ್ಚ್ ಹುಡುಕುತ್ತಾ ಕಂಗಾಲಾಗಿರುವಾಗ ರೆಕ್ಸ್ ಅವಳನ್ನು ಬಿಟ್ಟು ನಡೆದುಬಿಡುತ್ತಾನೆ. ಆಮೇಲೆ ಬಂಕಿನಲ್ಲಿ ರಾಜಿಯಾಗುತ್ತದೆ, ಇನ್ನೆಂದೂ ಬಿಟ್ಟುಹೋಗುವುದಿಲ್ಲ ಎಂದು ಆಣೆ ಮಾಡಿಸಿಕೊಳ್ಳುತ್ತಾಳೆ. ಇಬ್ಬರೂ ಸೇರಿ ಮರದ ಬುಡದಲ್ಲಿ ಎರಡು ನಾಣ್ಯ ಹೂಳುತ್ತಾರೆ. ಅದಾಗಿ ಸ್ವಲ್ಪ ಹೊತ್ತಿಗೇ ಅವಳು ಕಾಣೆ. ಮೂರು ವರ್ಷ ಅವನನ್ನು ಸುಡುವುದು ಪ್ರೀತಿಗಿಂತ ಹೆಚ್ಚಾಗಿ ಆ ಆಣೆ ಎಂಬುದು ನಮ್ಮ ಓದು.

ಎರಡನೆಯದು ಹೊಸ ಗೆಳತಿ ಲೀನೆಕೆಯೊಂದಿಗಿನ ಮಾತು. ಸಾಸ್ಕಿಯಾ ಎಲ್ಲೋ ಸುಖವಾಗಿದ್ದಾಳೆ ಎಂದು ಊಹಿಸಿಕೊಳ್ಳುತ್ತೇನೆ, ಆಗ ಒಂದನ್ನು ಆರಿಸಬೇಕಾಗುತ್ತದೆ ಎನ್ನುತ್ತಾನೆ: ಅವಳು ಬದುಕಿರಲಿ, ನನಗೆ ಏನೂ ತಿಳಿಯದಿರಲಿ, ಅಥವಾ ಅವಳು ಸಾಯಲಿ, ನನಗೆ ತಿಳಿಯಲಿ. ಅವನು ಆರಿಸಿಕೊಳ್ಳುವುದು ಎರಡನೆಯದನ್ನು. ಅಲ್ಲಿಗೆ ಅವನ ಹುಡುಕಾಟ ಅವಳಿಗಾಗಿ ಉಳಿದಿಲ್ಲ, ಉತ್ತರಕ್ಕಾಗಿ ಮಾತ್ರ.

ಮೂರನೆಯದು ಲೆಮೋರ್ನ್ ಹಾಕುವ ಷರತ್ತು. ಪೊಲೀಸರಿಗೆ ಕೊಟ್ಟರೆ ಸಾಕ್ಷಿ ಇಲ್ಲ, ಕೊಂದರೆ ಎಂದಿಗೂ ತಿಳಿಯದು. ಅವಳು ಅನುಭವಿಸಿದ್ದನ್ನೇ ನೀನೂ ಅನುಭವಿಸಿದರೆ ಮಾತ್ರ ತಿಳಿಯುತ್ತದೆ ಎನ್ನುತ್ತಾನೆ. ರೆಕ್ಸ್ ಮೊದಲು ಒಪ್ಪುವುದಿಲ್ಲ. ಓಡಿಹೋಗಿ ಮರದ ಬುಡ ಅಗೆಯುತ್ತಾನೆ. ಅಂದು ಹೂತ ನಾಣ್ಯಗಳು ಅಲ್ಲೇ ಇವೆ. ಆಮೇಲೆ ಕಾಫಿ ಕುಡಿಯುತ್ತಾನೆ. ಎರಡನೇ ಸಲ ನೋಡುವಾಗ ಮಣ್ಣು ಅಗೆಯುವ ಆ ಕೈಗಳನ್ನೇ ನೋಡಿ, ತೀರ್ಮಾನ ಅಲ್ಲೇ ಆಗುತ್ತದೆ.

ಪ್ರಶ್ನೆ: 20 ನಿಮಿಷದ ಕಿರುಚಿತ್ರ ಬರೆಯುತ್ತಿದ್ದೇನೆ. ಒಬ್ಬರು ಕಾಣೆಯಾಗುವ ದೃಶ್ಯ ಎಷ್ಟು ಸಲ ಬರೆದರೂ ಸಪ್ಪೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಹೆಚ್ಚಿನವರು ಎಡವುವುದು ಜಾಗದ ವಿಷಯದಲ್ಲಿ. ಕಾರು ಎಲ್ಲಿದೆ, ಅಂಗಡಿಯ ಬಾಗಿಲು ಎಷ್ಟು ದೂರ, ಶೌಚಾಲಯ ಯಾವ ಕಡೆ ಎಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರದಿದ್ದರೆ ‘ಇಲ್ಲೆಲ್ಲೂ ಇಲ್ಲ’ ಎಂಬ ಗಾಬರಿ ಹುಟ್ಟುವುದಿಲ್ಲ. ಮೊದಲು ಕಾಗದದ ಮೇಲೆ ಜಾಗದ ನಕ್ಷೆ ಬರೆಯಿರಿ. ಮೂರು ಗುರುತು ಸಾಕು. ಆ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವ ವೈಡ್ ಶಾಟ್ ಒಂದನ್ನು, ಕಾಣೆಯಾಗುವುದಕ್ಕೆ ಮುಂಚೆ, ಯಾವುದೋ ಬೇರೆ ನೆಪದಲ್ಲಿ ತೋರಿಸಿಬಿಡಿ.

ಹೋಗುವವರಿಗೆ ಚಿಕ್ಕದೊಂದು ಕೆಲಸ ಕೊಡಿ, ಎಷ್ಟು ಹೊತ್ತು ಹಿಡಿಯುತ್ತದೆಂದು ಎಲ್ಲರಿಗೂ ಅಂದಾಜಿರುವಂಥದ್ದು. ಎರಡು ತಂಪು ಪಾನೀಯ ತರಲು ಐದು ನಿಮಿಷ. ಆರನೇ ನಿಮಿಷದಿಂದ ಪ್ರೇಕ್ಷಕರೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಒಳಗೆ ಹೋದ ಮೇಲೆ ಕ್ಯಾಮೆರಾ ಅವರ ಹಿಂದೆ ಹೋಗಕೂಡದು, ಕಾಯುವವರ ಜೊತೆಗೇ ಇರಬೇಕು. ಏನೂ ಆಗದ ಒಂದು ನಿಮಿಷವನ್ನು ಕತ್ತರಿಸದೆ ಬಿಡಿ. ಸಂಕಲನದ ಮೇಜಿನಲ್ಲಿ ಅದನ್ನೇ ಮೊದಲು ಕತ್ತರಿಸೋಣ ಅನ್ನಿಸುತ್ತದೆ, ಮಣಿಯಬೇಡಿ.

ಹಿನ್ನೆಲೆ ಸಂಗೀತ ಬೇಡ. ಸ್ಲೈಜರ್ ಈ ಭಾಗದಲ್ಲಿ ಹಗಲ ಬೆಳಕು, ಜನಸಂದಣಿ, ರೇಡಿಯೋದಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ವೀಕ್ಷಕ ವಿವರಣೆ ಇಷ್ಟನ್ನೇ ಬಳಸಿದ್ದಾರೆ. ಲೋಕ ತನ್ನ ಪಾಡಿಗೆ ತಾನು ನಡೆದಿದೆ ಎಂಬುದೇ ಎದೆ ಹಿಂಡುತ್ತದೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕದಲ್ಲಿ ನಿಮ್ಮದು 20 ಪುಟ. ನಾಲ್ಕನೇ ಪುಟದೊಳಗೆ ವ್ಯಕ್ತಿ ಕಾಣೆಯಾಗಿರಬೇಕು. ಆದರೆ ಆ ನಾಲ್ಕು ಪುಟದಲ್ಲಿ ಇಬ್ಬರ ನಡುವೆ ಒಂದು ಜಗಳ, ಒಂದು ರಾಜಿ ಎರಡೂ ಆಗಿರಲಿ. ಜಗಳ ಮಾತ್ರವಿದ್ದರೆ ಬಿಟ್ಟುಹೋಗಿರಬಹುದು ಎಂಬ ಉತ್ತರ ಸುಲಭವಾಗಿ ಸಿಕ್ಕಿಬಿಡುತ್ತದೆ. ಪೊಲೀಸ್ ಠಾಣೆಯ ದೃಶ್ಯ ಬರೆದಿದ್ದರೆ ತೆಗೆದುಬಿಡಿ. ಕಿರುಚಿತ್ರದ ಕಾಲು ಭಾಗವನ್ನು ಅದು ನುಂಗಿಹಾಕುತ್ತದೆ, ನಮಗೆ ಆಗಲೇ ಗೊತ್ತಿರುವುದನ್ನೇ ಮತ್ತೆ ಹೇಳಿಸುತ್ತದೆ.

ಪ್ರಶ್ನೆ: ಅದೇ ನಿರ್ದೇಶಕ, ಅದೇ ಕಥೆ. ರೀಮೇಕ್ ಏಕೆ ಕೆಟ್ಟಿತು?

ಉತ್ತರ: ಮೂಲದಲ್ಲಿ ಕಾಫಿ ಕುಡಿದ ರೆಕ್ಸ್ ಕಣ್ಣು ಬಿಡುವುದು ನೆಲದಡಿಯ ಪೆಟ್ಟಿಗೆಯಲ್ಲಿ. ಉತ್ತರ ಸಿಕ್ಕಿತು, ಹೇಳಲು ಅವನಿಲ್ಲ. 1993ರಲ್ಲಿ ಹೊಸ ಗೆಳತಿ ಬಂದು ಅವನನ್ನು ಅಗೆದು ತೆಗೆಯುತ್ತಾಳೆ, ಹೊಡೆದಾಟವಾಗುತ್ತದೆ, ಖಳನಿಗೆ ಶಿಕ್ಷೆಯಾಗುತ್ತದೆ. ತಿಳಿಯುವುದಕ್ಕೆ ತೆರಬೇಕಾದ ಬೆಲೆಯ ಕಥೆಯಲ್ಲಿ ಆ ಬೆಲೆಯನ್ನೇ ಮನ್ನಾ ಮಾಡಿದಂತಾಯಿತು. ಇದನ್ನು ಬರೀ ಕ್ಲೈಮ್ಯಾಕ್ಸ್ ಬದಲಾವಣೆ ಎನ್ನುವವರಿದ್ದಾರೆ, ನಾವು ಒಪ್ಪುವುದಿಲ್ಲ. ಕೊನೆ ಬದಲಾದ ಕೂಡಲೇ ಕಾಫಿ ಕುಡಿಯುವುದು ಬರೀ ದಡ್ಡತನವಾಗಿ ಕಾಣುತ್ತದೆ.

ಪ್ರಶ್ನೆ: ಉತ್ತರಕ್ಕಾಗಿ ಇಷ್ಟು ಹಂಬಲಿಸುವುದಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರಿದೆಯೇ?

ಉತ್ತರ: ಹತ್ತಿರದ ಎರಡು ಪರಿಕಲ್ಪನೆಗಳಿವೆ. ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಮಂಡಿಸಿದ ವಾದದ ಪ್ರಕಾರ, ತಿಳಿದಿರುವುದಕ್ಕೂ ತಿಳಿಯಬೇಕೆಂದಿರುವುದಕ್ಕೂ ನಡುವಿನ ಕಂದರ ಕಣ್ಣಿಗೆ ಬಿದ್ದಾಗ ಕುತೂಹಲ ಕೊರತೆಯಂತೆ ನೋಯಿಸುತ್ತದೆ. ಲೆಮೋರ್ನ್ ರೆಕ್ಸ್‌ಗೆ ಪೋಸ್ಟ್‌ಕಾರ್ಡ್ ಕಳಿಸುವುದು, ನೀಮ್ ನಗರದ ಕೆಫೆಗೆ ಬಾ ಎಂದು ಕರೆದು ತಾನು ಎದುರಿಗೆ ಬಾರದೇ ಇರುವುದು ಆ ಕಂದರವನ್ನು ಮುಚ್ಚಲು ಬಿಡದಿರುವ ತಂತ್ರ.

ಇನ್ನೊಂದು ಅಮೆರಿಕದ ಕುಟುಂಬ ಚಿಕಿತ್ಸಕಿ ಪೌಲೀನ್ ಬಾಸ್ ಅವರದ್ದು. ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅವರು, ಸಾವೂ ಅಲ್ಲದ ಇರುವಿಕೆಯೂ ಅಲ್ಲದ ಈ ಅಗಲಿಕೆಯನ್ನು ಬೇರೆಯದೇ ಬಗೆಯ ದುಃಖವೆಂದು ಗುರುತಿಸಿದರು. ಅಂತ್ಯಕ್ರಿಯೆ ಇಲ್ಲ, ದಿನಾಂಕ ಇಲ್ಲ, ಜನ ಬಂದು ಸಮಾಧಾನ ಹೇಳುವ ಸಂದರ್ಭವೂ ಇಲ್ಲ. ಹಾಗಾಗಿ ಶೋಕ ಮುಂದೆ ಸಾಗದೆ ನಿಂತುಬಿಡುತ್ತದೆ. ಅಂಥವರಿಗೆ ‘ಮರೆತು ಮುಂದೆ ಹೋಗು’ ಎನ್ನುವುದು ಕೆಲಸಕ್ಕೆ ಬಾರದು. ಬಹುಶಃ ಇಲ್ಲ, ಬಹುಶಃ ಇದ್ದಾರೆ ಎಂಬ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಬದುಕುವುದನ್ನು ಕಲಿಸಬೇಕು ಎನ್ನುತ್ತಾರೆ ಬಾಸ್. ರೆಕ್ಸ್‌ಗೆ ಆಗದೇ ಹೋದದ್ದು ಇದೇ.

ಪ್ರಶ್ನೆ: ಇದೇ ಜಾಡಿನಲ್ಲಿ ಮುಂದೆ ಏನು ನೋಡಲಿ?

ಉತ್ತರ: ಮೊದಲು ಆಂಟೋನಿಯೋನಿಯ ‘ಲಾವೆಂತೂರಾ’, 1960. ದ್ವೀಪದಲ್ಲಿ ಹುಡುಗಿ ಕಾಣೆಯಾಗುತ್ತಾಳೆ, ಹುಡುಕುವವರು ಮೆಲ್ಲಗೆ ಅವಳನ್ನೇ ಮರೆಯುತ್ತಾರೆ. ರೆಕ್ಸ್‌ಗೆ ಸಂಪೂರ್ಣ ವಿರುದ್ಧ. ಆಮೇಲೆ ಪೀಟರ್ ವಿಯರ್ ಅವರ ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’, 1975. ಅದರ ಮೂಲ ಕಾದಂಬರಿಯಲ್ಲಿ ರಹಸ್ಯ ಬಿಡಿಸುವ ಕೊನೆಯ ಅಧ್ಯಾಯವನ್ನು ಅಚ್ಚಿಗೆ ಮುಂಚೆ ಕೈಬಿಡಲಾಗಿತ್ತು. ಲೇಖಕಿ ತೀರಿಕೊಂಡ ಮೇಲೆ 1987ರಲ್ಲಿ ಅದು ಪ್ರಕಟವಾಯಿತು. ಸಿನಿಮಾ ನೋಡಿದ ತಕ್ಷಣ ಅದನ್ನು ಹುಡುಕಿಕೊಂಡು ಹೋಗಬೇಡಿ, ಕೆಲವು ದಿನ ಹಾಗೇ ಬಿಡಿ. ಕೊನೆಗೆ ಡೇವಿಡ್ ಫಿಂಚರ್ ಅವರ ‘ಜೋಡಿಯಾಕ್’, 2007. ಎರಡೂವರೆ ಗಂಟೆ ಮೀರಿದ ಸಿನಿಮಾ, ದಿನಾಂಕ ಮತ್ತು ಹೆಸರುಗಳು ಒಂದರ ಮೇಲೊಂದು ಬರುತ್ತವೆ. ನಿದ್ದೆಗಣ್ಣಲ್ಲಿ ನೋಡಲು ಕೂರಬೇಡಿ.