ಅಮೆರಿಕದ ರೈತರಿಗೆ ಸರ್ಕಾರ ಕೊಡುವ ಹಣ ನಿಜವಾಗಿ ಯಾರ ಕೈಸೇರುತ್ತದೆ?

"ಅಲ್ಲಿನ ರೈತರು ಸಾವಿರಾರು ಎಕರೆ ಇಟ್ಟುಕೊಂಡವರು, ಅವರಿಗ್ಯಾಕೆ ಸಬ್ಸಿಡಿ? ಯಾರಿಗೆ ಎಷ್ಟು ಅಂತ ನಿರ್ಧರಿಸೋರು ಯಾರು?" ಎಂದು ಕೇಳಿದ್ದೀರಿ. ನಾನಿರುವುದು ಇಲಿನಾಯ್ ರಾಜ್ಯದ ಮೆಕ್ಲೀನ್ ಕೌಂಟಿಯಲ್ಲಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಬ್ಲೂಮಿಂಗ್ಟನ್ ಊರು ದಾಟಿದರೆ ಕಣ್ಣು ಹಾಯುವ ತನಕ ಗೋವಿನಜೋಳ, ಸೋಯಾ. ಹಾವೇರಿ ಕಡೆಯವನಾದ ನನಗೆ ಬೆಳೆ ಪರಿಚಯದ್ದೇ, ಹಣ ಹಂಚುವ ರೀತಿ ಮಾತ್ರ ಪೂರ್ತಿ ಬೇರೆ.

ನಮ್ಮ ಪಿಎಂ ಕಿಸಾನ್‌ನಲ್ಲಿ ಅರ್ಧ ಎಕರೆಯವರಿಗೂ ಹತ್ತು ಎಕರೆಯವರಿಗೂ ವರ್ಷಕ್ಕೆ ಅದೇ 6,000 ರೂಪಾಯಿ. ಇಲ್ಲಿ ಎಕರೆ ಲೆಕ್ಕ. ಅದೂ ಈಗ ಬಿತ್ತಿರುವ ಎಕರೆಯಲ್ಲ, 'ಬೇಸ್ ಎಕರೆ' ಎಂದು ಕೃಷಿ ಇಲಾಖೆಯ ಕಡತದಲ್ಲಿರುವ ಎಕರೆ. ಆ ಜಮೀನಿನಲ್ಲಿ ಹಿಂದೆ ಯಾವ ಬೆಳೆ ಎಷ್ಟಿತ್ತು ಎಂಬುದರ ಮೇಲೆ ಅದು ನಿಂತಿದೆ. 2014ರ ಕೃಷಿ ಕಾಯ್ದೆ ಬಂದಾಗ 2009ರಿಂದ 2012ರ ಬಿತ್ತನೆ ನೋಡಿ ಬೆಳೆವಾರು ಹಂಚಿಕೆ ಬದಲಿಸಿಕೊಳ್ಳಲು ಅವಕಾಶ ಕೊಟ್ಟಿದ್ದರು. ಹಾಗಾಗಿ ಕಡತದಲ್ಲಿ ಗೋವಿನಜೋಳ ಇದ್ದು ಹೊಲದಲ್ಲಿ ಸೋಯಾ ಇದ್ದರೂ ಗೋವಿನಜೋಳದ ಹಣವೇ ಬರುತ್ತದೆ. ತರಕಾರಿ ಬೆಳೆಯುತ್ತಾ ಬಂದ ಸಣ್ಣ ರೈತನಿಗೆ ಬೇಸ್ ಎಕರೆಯೇ ಇರುವುದಿಲ್ಲ, ಈ ಯೋಜನೆಯಿಂದ ಅವನಿಗೆ ಒಂದು ಡಾಲರೂ ಇಲ್ಲ. ನನಗೆ ಅತಿ ದೊಡ್ಡ ಅನ್ಯಾಯ ಅನ್ನಿಸುವುದು ಇದೇ.

ಮುಖ್ಯ ಯೋಜನೆಗಳು ಎರಡು. ಒಂದರಲ್ಲಿ ಬೆಲೆ ಒಂದು ಮಟ್ಟಕ್ಕಿಂತ ಕುಸಿದರೆ ಹಣ. ಗೋವಿನಜೋಳಕ್ಕೆ ಆ ಮಟ್ಟ ಬುಷೆಲ್‌ಗೆ, ಅಂದರೆ ಸುಮಾರು 25 ಕಿಲೋಗೆ, 3.70 ಡಾಲರ್ ಇತ್ತು. 2025ರ ಕಾಯ್ದೆ ಅದನ್ನು 4.10ಕ್ಕೆ ಏರಿಸಿತು. ಇನ್ನೊಂದರಲ್ಲಿ ಇಡೀ ಕೌಂಟಿಯ ಸರಾಸರಿ ಆದಾಯ ನೋಡುತ್ತಾರೆ. ಲೆಕ್ಕಕ್ಕೆಂದು ಹೇಳುತ್ತೇನೆ: ವಾಡಿಕೆಯ ಆದಾಯ ಎಕರೆಗೆ 800 ಡಾಲರ್ ಎಂದಿಟ್ಟುಕೊಳ್ಳಿ. ಅದರ ಶೇ. 90, ಅಂದರೆ 720 ಡಾಲರ್, ಖಾತರಿ. ಕೌಂಟಿಯ ಸರಾಸರಿ 680ಕ್ಕೆ ಇಳಿದರೆ ವ್ಯತ್ಯಾಸದ 40 ಡಾಲರ್ ಸಿಗುತ್ತದೆ, ಬೇಸ್ ಎಕರೆಯ ಶೇ. 85ರಷ್ಟಕ್ಕೆ ಮಾತ್ರ. ನಿಮ್ಮೊಬ್ಬರ ಹೊಲಕ್ಕೆ ಆಲಿಕಲ್ಲು ಬಿದ್ದು ಕೌಂಟಿ ಚೆನ್ನಾಗಿ ಬೆಳೆದಿದ್ದರೆ ಇದರಿಂದ ಏನೂ ಬರುವುದಿಲ್ಲ. ಬೆಳೆ ವಿಮೆಯೇ ಗತಿ. ವಿಮೆಯ ಪ್ರೀಮಿಯಂನಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಸರ್ಕಾರ ಭರಿಸುತ್ತದೆ, ಅದೂ ಸಬ್ಸಿಡಿಯೇ. ಇನ್ನು ಹಣ ಕೈಗೆ ಬರುವುದು ಕೊಯ್ಲಾದ ಮರುವರ್ಷದ ಅಕ್ಟೋಬರ್ ನಂತರ.

2018ರಲ್ಲಿ ಚೀನಾ ಇಲ್ಲಿನ ಸೋಯಾ ಮೇಲೆ ಶೇ. 25 ಸುಂಕ ಹಾಕಿದಾಗ ಬೇರೆಯದೇ ಪರಿಹಾರ ಬಂತು. 2019ರಲ್ಲಿ ಒಂದೊಂದು ಕೌಂಟಿಗೆ ಒಂದೊಂದು ದರ, ಎಕರೆಗೆ 15ರಿಂದ 150 ಡಾಲರ್. ಕೌಂಟಿ ಗಡಿಯ ಆಚೆ ಈಚೆ ಒಂದೇ ಬೆಳೆ ಬೆಳೆದ ಇಬ್ಬರಿಗೆ ಬೇರೆ ಬೇರೆ ಮೊತ್ತ.

ಯಾರು ನಿರ್ಧರಿಸುತ್ತಾರೆ ಎಂದಿರಿ. ದರ, ಸೂತ್ರ ಎಲ್ಲ ವಾಷಿಂಗ್ಟನ್‌ನದು. ಜಾರಿಯ ಉಸ್ತುವಾರಿಗೆ ರೈತರೇ ಮತ ಹಾಕಿ ಆರಿಸುವ ಕೌಂಟಿ ಸಮಿತಿ ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರೇ ತುಂಬಿದ್ದ ಇಂಥ ಸಮಿತಿಗಳ ಕೆಳಗೆ ಕಪ್ಪು ರೈತರು ಸಾಲ, ನೆರವು ಸಿಗದೆ ದಶಕಗಳ ಕಾಲ ನರಳಿದರು. ಅವರು ಹೂಡಿದ ಪಿಗ್‌ಫೋರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಗಿ ಪರಿಹಾರ ಕೊಡಬೇಕಾಯಿತು.

ಒಬ್ಬರಿಗೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿ ಇದೆ: 1,25,000 ಡಾಲರ್ ಇದ್ದದ್ದು 2025ರಲ್ಲಿ 1,55,000 ಆಯಿತು. ಗಂಡ ಹೆಂಡತಿಗೆ ಬೇರೆ ಬೇರೆ ಮಿತಿ ಪಡೆಯಲೂ ದಾರಿಯಿದೆ. ಇಲ್ಲಿ ಬಹಳಷ್ಟು ಜಮೀನು ಗುತ್ತಿಗೆಯದು. ನಗದು ಗುತ್ತಿಗೆಯಾದರೆ ನಿಯಮದ ಪ್ರಕಾರ ಹಣ ಉಳುವವನಿಗೇ ಸೇರಬೇಕು, ಸೇರುತ್ತದೆ ಕೂಡ. ಆದರೆ ಹಣ ಬರುವುದು ಒಡೆಯನಿಗೂ ಗೊತ್ತಿರುವುದರಿಂದ ಮುಂದಿನ ಗುತ್ತಿಗೆ ಮಾತುಕತೆಯಲ್ಲಿ ಅದರ ಒಂದು ಪಾಲು ಬಾಡಿಗೆಯಾಗಿ ಅವನ ಕಡೆಗೇ ಹೋಗುತ್ತದೆ.