ಒಂದೇ ದಿನದಲ್ಲಿ ಪಿರಮಿಡ್ಡು ಮತ್ತು ಗ್ವಾದಲೂಪೆ ಮಾತೆ: ಓದುಗರ ಪ್ರಶ್ನೆಗಳು

ಮೆಕ್ಸಿಕೊ ನಗರದಿಂದ ಒಂದು ದಿನದ ಮಟ್ಟಿಗೆ ಹೋಗಿಬರುವ ಪ್ರವಾಸದ ಬಗ್ಗೆ ಕೆಲವು ಓದುಗರು ಪತ್ರ ಬರೆದಿದ್ದಾರೆ. ಒಂದರ ಉತ್ತರ ಇನ್ನೊಂದಕ್ಕೆ ನೆರವಾಗುವಂತಿರುವುದರಿಂದ ಎಲ್ಲವನ್ನೂ ಈ ಬಾರಿ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿ ನೆಲೆಸಿದ್ದೇವೆ. ಮೈಸೂರಿನಿಂದ ಬಂದಿರುವ ತಂದೆ-ತಾಯಿಯವರನ್ನು ನವೆಂಬರಿನಲ್ಲಿ ಮೆಕ್ಸಿಕೊ ನಗರಕ್ಕೆ ಕರೆದುಕೊಂಡು ಹೋಗುವ ಯೋಚನೆಯಿದೆ. ಮಾರ್ಗದರ್ಶಿ ಇರುವ ಬಸ್ ಪ್ರವಾಸದಲ್ಲಿ ತ್ಲಾತೆಲೋಲ್ಕೊ (ನಗರದೊಳಗಿನ ಪ್ರಾಚೀನ ಅವಶೇಷಗಳ ತಾಣ), ಗ್ವಾದಲೂಪೆ ಮಾತೆಯ (ಏಸುವಿನ ತಾಯಿ ಮರಿಯಮ್ಮನ) ದೇವಾಲಯ, ತೆಯೋತಿವಾಕಾನ್ ಪಿರಮಿಡ್ಡುಗಳು ಮೂರನ್ನೂ ಒಂದೇ ದಿನದಲ್ಲಿ ತೋರಿಸುತ್ತಾರಂತೆ. ತಾಯಿಗೆ ಮೊಣಕಾಲು ನೋವಿದೆ. ಈ ಪ್ರವಾಸ ಅವರಿಗೆ ಹೊಂದೀತೆ?

ಉತ್ತರ: ಹೊಂದುತ್ತದೆ, ಆದರೆ ಪ್ರವಾಸ ಯಾವ ಕ್ರಮದಲ್ಲಿ ಸಾಗುತ್ತದೆ ಎಂಬುದನ್ನು ಕೇಳಿಕೊಂಡ ಮೇಲೆಯೇ ಹಣ ಕಟ್ಟಿ. ತೆಯೋತಿವಾಕಾನ್ ನಗರದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಗ್ವಾದಲೂಪೆ ದೇವಾಲಯ ನಗರದ ಉತ್ತರದ ಅಂಚಿನಲ್ಲಿ, ಅದೇ ದಿಕ್ಕಿನ ದಾರಿಯಲ್ಲಿ ಸಿಗುತ್ತದೆ. ಇವೆರಡನ್ನೂ ಒಂದೇ ಪ್ರವಾಸಕ್ಕೆ ಜೋಡಿಸಿರುವುದಕ್ಕೆ ಈ ದಾರಿಯ ಅನುಕೂಲವೇ ಕಾರಣ, ಬೇರೆ ನಂಟೇನೂ ಇಲ್ಲ. ಅನೇಕ ಸಂಸ್ಥೆಗಳು ಬೆಳಗಿನ ತಂಪು ಹೊತ್ತನ್ನು ತ್ಲಾತೆಲೋಲ್ಕೊ ಮತ್ತು ದೇವಾಲಯದಲ್ಲಿ ಕಳೆದು, ಆಮೇಲೆ ಒಂದು ಕರಕುಶಲ ಮಳಿಗೆಯಲ್ಲಿ ಬಸ್ಸು ನಿಲ್ಲಿಸಿ, ನೆತ್ತಿ ಸುಡುವ ಮಧ್ಯಾಹ್ನಕ್ಕೆ ಸರಿಯಾಗಿ ಪಿರಮಿಡ್ಡಿನ ಬಯಲಿಗೆ ತಂದು ಬಿಡುತ್ತವೆ. ನಾನು ಹೋದ ಪ್ರವಾಸವೂ ಹೀಗೆಯೇ ಇತ್ತು. ಮಳಿಗೆಯಲ್ಲಿ ಅಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜುಕಲ್ಲಿನ ಆಮೆ, ಗೂಬೆಗಳ ಮುಂದೆ ಮುಕ್ಕಾಲು ಗಂಟೆ ಕಳೆದುಹೋಯಿತು. ಪಿರಮಿಡ್ಡುಗಳಿಗೆ ಉಳಿದದ್ದು ಒಂದೂವರೆ ಗಂಟೆ. ಕತ್ತಾಳೆಯ ಎಲೆಯಿಂದ ನಾರು ತೆಗೆಯುವುದನ್ನೂ ಅದರ ರಸದಿಂದ ಮಾಡಿದ ಮದ್ಯವನ್ನೂ ಅಲ್ಲಿ ತೋರಿಸುತ್ತಾರೆ. ನೋಡತಕ್ಕದ್ದೇ, ಆದರೆ ಅದಕ್ಕೆ ಹತ್ತು ನಿಮಿಷ ಧಾರಾಳವಾಯಿತು.

ಆದ್ದರಿಂದ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಪಿರಮಿಡ್ಡುಗಳನ್ನು ತಲುಪಿಸಿ, ಹಿಂದಿರುಗುವಾಗ ದೇವಾಲಯಕ್ಕೆ ಕರೆತರುವ ಪ್ರವಾಸವನ್ನೇ ಹುಡುಕಿ. ಅಂಥದ್ದು ಸಿಗದಿದ್ದರೆ ಎರಡನ್ನೂ ಬೇರ್ಪಡಿಸಿಬಿಡಿ. ದೇವಾಲಯಕ್ಕೆ ಮೆಟ್ರೊ ರೈಲು ಇದೆ. ಲಾ ವಿಲ್ಲಾ-ಬಸೀಲಿಕಾ ಎಂಬ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಆಯಿತು, ಪ್ರವೇಶಕ್ಕೆ ಶುಲ್ಕವಿಲ್ಲ, ಮಾರ್ಗದರ್ಶಿಯ ಅಗತ್ಯವೂ ಇಲ್ಲ. ಮಾರ್ಗದರ್ಶಿ ನಿಜಕ್ಕೂ ಬೇಕಾಗುವುದು ತೆಯೋತಿವಾಕಾನಿನಲ್ಲಿ, ಏಕೆಂದರೆ ಅಲ್ಲಿ ವಿವರಿಸುವವರಿಲ್ಲದಿದ್ದರೆ ಕಣ್ಣಿಗೆ ಕಾಣುವುದು ಬರೀ ಕಲ್ಲಿನ ದಿಬ್ಬ. ವಾರದ ದಿನ ಹೋಗುವುದು ಒಳ್ಳೆಯದು. ಭಾನುವಾರ ಅಲ್ಲಿನ ನಾಗರಿಕರಿಗೆ ಪ್ರವೇಶ ಉಚಿತವಾದ್ದರಿಂದ ಜನಜಂಗುಳಿ ಹೆಚ್ಚು.

ತಾಯಿಯವರ ಮೊಣಕಾಲಿನ ವಿಷಯ. ಪಿರಮಿಡ್ಡು ಹತ್ತಬೇಕಾಗುತ್ತದೆಂಬ ಚಿಂತೆ ಬೇಡ. ಸೂರ್ಯನ ಪಿರಮಿಡ್ಡನ್ನು ಹತ್ತುವುದನ್ನು 2020ರಲ್ಲಿ ನಿಲ್ಲಿಸಲಾಯಿತು, ಚಂದ್ರನ ಪಿರಮಿಡ್ಡಿನ ಕೆಳಭಾಗದ ಬಗ್ಗೆ ಮಾತ್ರ ಆಯಾ ಕಾಲದ ನಿಯಮವನ್ನು ಬಾಗಿಲಲ್ಲಿ ಕೇಳಿ ತಿಳಿದುಕೊಳ್ಳಬೇಕು. ನಿಜವಾದ ತೊಂದರೆ ಇರುವುದು ನೆಲದ ಮೇಲೆಯೇ. ನಡುವೆ ಸಾಗುವ ವಿಶಾಲವಾದ ರಾಜಬೀದಿ ದೂರದಿಂದ ಸಪಾಟಾಗಿ ಕಂಡರೂ ಅದರ ದಕ್ಷಿಣದ ಅರ್ಧಕ್ಕೆ ಅಲ್ಲಲ್ಲಿ ಅಡ್ಡಗೋಡೆಗಳಿವೆ. ಪ್ರತಿಯೊಂದಕ್ಕೂ ಎತ್ತರದ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಅದು ಲೆಕ್ಕಕ್ಕಿಲ್ಲ, ಆದರೆ ನೋಯುವ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಆವರಣಕ್ಕೆ ಹಲವು ಬಾಗಿಲುಗಳಿದ್ದು, ಒಂದನೆಯ ಬಾಗಿಲಿನಿಂದ ಹೊರಟರೆ ಈ ಗೋಡೆಗಳೆಲ್ಲ ಎದುರಾಗುತ್ತವೆ. ಎರಡನೆಯ ಅಥವಾ ಐದನೆಯ ಬಾಗಿಲಿನಿಂದ ಒಳಹೊಕ್ಕರೆ ಸೂರ್ಯನ ಪಿರಮಿಡ್ಡು ಹತ್ತಿರದಲ್ಲೇ ಸಿಗುತ್ತದೆ. ಮೂರನೆಯ ಬಾಗಿಲು ಚಂದ್ರನ ಪಿರಮಿಡ್ಡಿನ ಕಡೆಗಿದೆ. ಬಸ್ಸು ಎಲ್ಲಿ ಇಳಿಸುತ್ತದೆ, ಎಲ್ಲಿ ಹತ್ತಿಸಿಕೊಳ್ಳುತ್ತದೆ ಎಂದು ಮೊದಲೇ ಕೇಳಿ.

ಈ ಬಯಲು ಸಮುದ್ರಮಟ್ಟದಿಂದ ಸುಮಾರು 2300 ಮೀಟರ್ ಎತ್ತರದಲ್ಲಿದೆ, ಅಂದರೆ ಊಟಿಗಿಂತ ಒಂದಿಷ್ಟು ಮೇಲೆ. ಮೊದಲ ದಿನವೇ ಈ ಪ್ರವಾಸ ಇಟ್ಟುಕೊಳ್ಳದೆ, ಒಂದೆರಡು ದಿನ ನಗರದಲ್ಲಿ ನಿಧಾನವಾಗಿ ಓಡಾಡಿದ ಮೇಲೆ ಹೊರಟರೆ ಹಿರಿಯರಿಗೆ ಏದುಸಿರು ಬರುವುದು ಕಡಿಮೆಯಾಗುತ್ತದೆ. ನೆರಳು ಬಹಳ ವಿರಳ. ಟೋಪಿ, ನೀರು ಮತ್ತು ಬೆಳಗಿನ ಚಳಿಗೆ ಒಂದು ಸ್ವೆಟರ್ ಇರಲಿ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ಈಜಿಪ್ಟಿನ ಪಿರಮಿಡ್ಡುಗಳ ಪಾಠ ಮಾಡುವಾಗ ಮೆಕ್ಸಿಕೊದ ಪಿರಮಿಡ್ಡುಗಳ ಮಾತು ಬರುತ್ತದೆ. ಅವೂ ಅರಸರ ಸಮಾಧಿಗಳೇ? ಅವುಗಳನ್ನು ಕಟ್ಟಿದವರು ಅಜ್ಟೆಕರು ಎಂದು ಹೇಳಬಹುದೇ? (ಧಾರವಾಡದ ಶಿಕ್ಷಕರೊಬ್ಬರು)

ಉತ್ತರ: ತೆಯೋತಿವಾಕಾನಿನ ಮಟ್ಟಿಗೆ ಎರಡಕ್ಕೂ ಇಲ್ಲವೆಂದೇ ಹೇಳಬೇಕು. ಅಜ್ಟೆಕರು ಈ ಪ್ರದೇಶದಲ್ಲಿ ಪ್ರಬಲರಾದದ್ದು 14–15ನೆಯ ಶತಮಾನಗಳಲ್ಲಿ. ಅಷ್ಟು ಹೊತ್ತಿಗೆ ತೆಯೋತಿವಾಕಾನ್ ಹಾಳುಬಿದ್ದು ಆರೇಳು ಶತಮಾನಗಳೇ ಕಳೆದಿದ್ದವು. ಹಂಪೆಯ ಅವಶೇಷಗಳನ್ನು ನಾವು ಇಂದು ನೋಡುವುದಕ್ಕಿಂತಲೂ ಹೆಚ್ಚಿನ ಕಾಲದ ಅಂತರದಿಂದ ಅವರು ಆ ದಿಬ್ಬಗಳನ್ನು ನೋಡಿದರು. ಇಷ್ಟು ದೊಡ್ಡದನ್ನು ಮನುಷ್ಯರು ಕಟ್ಟಿರಲಾರರು ಎಂದುಕೊಂಡು ತಮ್ಮ ನಾವಾತ್ಲ್ ಭಾಷೆಯಲ್ಲಿ ಅದಕ್ಕೆ ದೇವರುಗಳು ಹುಟ್ಟಿದ ತಾಣ ಎಂಬ ಅರ್ಥದ ಹೆಸರಿಟ್ಟರು. ಬೀದಿಯ ಎರಡೂ ಬದಿಯ ದಿಬ್ಬಗಳನ್ನು ಗೋರಿಗಳೆಂದು ಭಾವಿಸಿದ್ದರಿಂದ ಅದು ಸತ್ತವರ ಬೀದಿಯಾಯಿತು. ನಾವು ಇಂದಿಗೂ ಬಳಸುವ ಹೆಸರುಗಳೆಲ್ಲ ಹೀಗೆ ಆಮೇಲೆ ಬಂದವರು ಇಟ್ಟವು. ಕಟ್ಟಿದವರು ತಮ್ಮ ಊರನ್ನು ಏನೆಂದು ಕರೆದರೋ, ಯಾವ ಭಾಷೆಯನ್ನಾಡುತ್ತಿದ್ದರೋ ಯಾರಿಗೂ ಗೊತ್ತಿಲ್ಲ.

ಅಜ್ಟೆಕರ ಕಥೆಯನ್ನು ಮಕ್ಕಳಿಗೆ ಹೇಳಿ, ಖಂಡಿತ ಇಷ್ಟಪಡುತ್ತಾರೆ. ಲೋಕ ಕತ್ತಲಲ್ಲಿದ್ದಾಗ ದೇವರುಗಳೆಲ್ಲ ತೆಯೋತಿವಾಕಾನಿನಲ್ಲಿ ಸೇರಿ, ಬೆಂಕಿಗೆ ಹಾರಿ ಸೂರ್ಯನಾಗುವವರು ಯಾರು ಎಂದು ಕೇಳಿದರಂತೆ. ಮುಂದೆ ಬಂದ ಸಿರಿವಂತ ದೇವರು ಜ್ವಾಲೆಯ ಮುಂದೆ ನಾಲ್ಕು ಸಲ ಹಿಂಜರಿದ. ಮೈತುಂಬ ಹುಣ್ಣಿದ್ದ ಬಡಪಾಯಿ ದೇವರು ಕಣ್ಣು ಮುಚ್ಚಿ ಹಾರಿ ಸೂರ್ಯನಾದ. ನಾಚಿಕೆಯಿಂದ ಹಿಂದೆಯೇ ಹಾರಿದ ಸಿರಿವಂತನೂ ಅಷ್ಟೇ ಪ್ರಕಾಶದಿಂದ ಹೊಳೆಯತೊಡಗಿದಾಗ, ಅದನ್ನು ಸಹಿಸದ ದೇವರೊಬ್ಬ ಅವನ ಮುಖಕ್ಕೆ ಮೊಲವೊಂದನ್ನು ಎಸೆದು ಬೆಳಕನ್ನು ಮಂಕಾಗಿಸಿದ, ಆ ಸಿರಿವಂತನೇ ಚಂದ್ರ. ಚಂದ್ರನಿಗೆ ಶಶಾಂಕ ಎಂದು ಹೆಸರಿಟ್ಟ ನಾಡಿನವರಾದ ನಮಗೆ ಆ ಮೊಲದ ಪರಿಚಯ ಹೊಸದೇನಲ್ಲ.

ಈಜಿಪ್ಟಿನೊಡನೆ ಹೋಲಿಕೆ ಮಾಡಲು ಅಳತೆಗಳಿಂದಲೇ ಶುರುಮಾಡಬಹುದು. ಸೂರ್ಯನ ಪಿರಮಿಡ್ಡಿನ ತಳದ ಒಂದೊಂದು ಬದಿ ಸುಮಾರು 225 ಮೀಟರ್, ಗೀಜಾದ ಮಹಾ ಪಿರಮಿಡ್ಡಿನದು ಸುಮಾರು 230; ತಳ ಹೆಚ್ಚುಕಡಿಮೆ ಸಮವೇ. ಆದರೆ ಗೀಜಾದ್ದು ಕಟ್ಟಿದಾಗ 146 ಮೀಟರ್ ಎತ್ತರವಿತ್ತು, ಇದರ ಎತ್ತರ ಸುಮಾರು 65 ಮೀಟರ್ ಮಾತ್ರ. ಅದು ಕಲ್ಲಿನ ದಿಮ್ಮಿಗಳದ್ದು, ಇದರ ಒಡಲಲ್ಲಿ ಮಣ್ಣು, ಕಲ್ಲುಚೂರು. ಹೊರಮೈಗೆ ಕಲ್ಲು ಹೊದಿಸಿ, ಸುಣ್ಣದ ಗಾರೆ ಬಳಿದು, ಕೆಂಪು ಬಣ್ಣ ಹಚ್ಚುತ್ತಿದ್ದರು. ಗೀಜಾದ್ದು ಚೂಪಾಗಿ ಮುಗಿಯುತ್ತದೆ. ಇದರ ತುದಿ ಚಪ್ಪಟೆ, ಅಲ್ಲೊಂದು ಗುಡಿಯಿತ್ತು. ನಮ್ಮ ದೇವಾಲಯಗಳ ಜಗತಿಯನ್ನು ಬೆಟ್ಟದಷ್ಟು ಬೆಳೆಸಿದಂತೆ ಎಂದು ಮಕ್ಕಳಿಗೆ ಹೇಳಿದರೆ ಸುಲಭವಾಗಿ ಅರ್ಥವಾದೀತು. ಇವೆರಡರ ನಡುವೆ ಎರಡೂವರೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವ ಮಾರ್ಗದರ್ಶಿಯ ಮಾತನ್ನು ನಕ್ಕು ಬಿಟ್ಟುಬಿಡಬೇಕು.

ನನಗೆ ಪಿರಮಿಡ್ಡುಗಳಿಗಿಂತ ದೊಡ್ಡದಾಗಿ ಕಾಣುವುದು ಆ ಊರು. ಕ್ರಿ.ಶ. ಮೊದಲ ಐದಾರು ಶತಮಾನಗಳಲ್ಲಿ ಸುಮಾರು 20 ಚದರ ಕಿಲೋಮೀಟರ್ ಹರಡಿದ್ದ ಈ ನಗರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದರೆಂದು ವಿದ್ವಾಂಸರು ಅಂದಾಜಿಸುತ್ತಾರೆ. ಬೀದಿಗಳೆಲ್ಲ ಉತ್ತರದಿಂದ ಪೂರ್ವಕ್ಕೆ ಹದಿನೈದೂವರೆ ಡಿಗ್ರಿಯಷ್ಟು ವಾಲಿದ ಒಂದೇ ಗೆರೆಯನ್ನು ಹಿಡಿದು ಸಾಗುತ್ತವೆ, ಆ ಗೆರೆಗೆ ಅಡ್ಡ ಬಂದ ಹೊಳೆಯನ್ನೂ ತಿರುಗಿಸಿದ್ದರು. ಹಲವು ಕುಟುಂಬಗಳು ಒಂದೇ ಸುತ್ತುಗೋಡೆಯೊಳಗೆ ಅಂಗಳಗಳ ಸುತ್ತ ಬಾಳುತ್ತಿದ್ದ ವಠಾರಗಳಿದ್ದವು. ದೂರದ ವಹಾಕಾದಿಂದ ಬಂದವರಿಗೆ ಬೇರೆಯದೇ ಕೇರಿಯಿತ್ತು. ಪ್ರವಾಸದ ಬಸ್ಸು ಸಾಮಾನ್ಯವಾಗಿ ನಿಲ್ಲದ ತೆಪಾಂತಿತ್ಲಾ ಎಂಬ ವಠಾರದ ಗೋಡೆಚಿತ್ರದಲ್ಲಿ ಜನ ಚೆಂಡಾಡುತ್ತಾರೆ, ಚಿಟ್ಟೆ ಹಿಡಿಯುತ್ತಾರೆ, ನೀರಲ್ಲಿ ಈಜುತ್ತಾರೆ. ಅದನ್ನು ನೋಡಲು ಕೇಳಿಯೇ ಹೋಗಿ.

ಸಮಾಧಿಯ ಮಾತಿಗೆ ಮತ್ತೆ ಬರುವುದಾದರೆ, ತೆಯೋತಿವಾಕಾನಿನಲ್ಲೇ ಇರುವ ಗರಿಗಳುಳ್ಳ ಸರ್ಪದ ಗುಡಿಯ ಅಡಿಯಲ್ಲಿ ಬಲಿಯಾದ ನೂರಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ಸಿಕ್ಕಿವೆ, ಅನೇಕರ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತು. ಅದೇ ಗುಡಿಯ ಕೆಳಗಿನ ಸುರಂಗ 2003ರಲ್ಲಿ ಭಾರೀ ಮಳೆಯ ನಂತರ ನೆಲ ಕುಸಿದಾಗ ಬೆಳಕಿಗೆ ಬಂತು. ಅದರ ಕೊನೆಯ ಕೋಣೆಗಳಲ್ಲಿ ದ್ರವರೂಪದ ಪಾದರಸ ಕಂಡುಬಂದದ್ದನ್ನು 2015ರಲ್ಲಿ ಪ್ರಕಟಿಸಿದರು. ಅರಸನ ಗೋರಿ ಮಾತ್ರ ಅಲ್ಲಿಯೂ ಸಿಗಲಿಲ್ಲ. ಇನ್ನೊಂದು ಎಚ್ಚರಿಕೆ: ಇಂದು ಕಾಣುವ ಸೂರ್ಯನ ಪಿರಮಿಡ್ಡಿನ ಆಕಾರದಲ್ಲಿ 20ನೆಯ ಶತಮಾನದ ಕೈವಾಡವೂ ಇದೆ. 1910ರ ಮೆಕ್ಸಿಕೊ ಸ್ವಾತಂತ್ರ್ಯ ಶತಮಾನೋತ್ಸವಕ್ಕೆ ಸಿದ್ಧಪಡಿಸುವ ಅವಸರದಲ್ಲಿ ಪುರಾತತ್ವಜ್ಞ ಲೆಯೋಪೋಲ್ದೊ ಬಾತ್ರೆಸ್ ಅದನ್ನು ಅಗೆಸಿದಾಗ ಹೊರಮೈಯ ದಪ್ಪನೆಯ ಪದರವೊಂದು ಹೋಗಿಯೇಬಿಟ್ಟಿತು.

ಪ್ರಶ್ನೆ: ಗ್ವಾದಲೂಪೆ ಮಾತೆಯ ಚಿತ್ರ ತಾನಾಗಿ ಮೂಡಿದ್ದೆಂದು ಹೇಳುತ್ತಾರೆ. ದೇವಾಲಯದ ಬಳಿಯ ಗುಡ್ಡದ ಮೇಲೆ ಮೊದಲು ಸ್ಥಳೀಯ ದೇವಿಯ ಗುಡಿ ಇತ್ತೆಂದೂ ಕೇಳಿದ್ದೇನೆ. ಯಾವುದು ನಿಜ? (ಮಂಗಳೂರಿನ ಓದುಗರು)

ಉತ್ತರ: ಭಕ್ತರು ಹೇಳುವ ವೃತ್ತಾಂತ ಹೀಗಿದೆ. 1531ರ ಡಿಸೆಂಬರಿನಲ್ಲಿ ಹ್ವಾನ್ ದಿಯೇಗೊ ಎಂಬ ಮೂಲನಿವಾಸಿಗೆ ತೆಪೆಯಾಕ್ ಗುಡ್ಡದಲ್ಲಿ ಮಾತೆ ಕಾಣಿಸಿಕೊಂಡು, ಸ್ಪೇನಿನವರ ಭಾಷೆಯಲ್ಲಲ್ಲದೆ ಅವನದೇ ನಾವಾತ್ಲ್ ನುಡಿಯಲ್ಲಿ, ತನಗೊಂದು ಗುಡಿ ಕಟ್ಟಿಸುವಂತೆ ಹೇಳಿದಳು. ಬಿಷಪ್ ಹ್ವಾನ್ ದೆ ಸುಮಾರ್ರಾಗಾ ಅವರು ಕುರುಹು ಕೇಳಿದಾಗ, ಅಕಾಲದಲ್ಲಿ ಅರಳಿದ ಗುಲಾಬಿಗಳನ್ನು ಹೊದಿಕೆಯಲ್ಲಿ ಕಟ್ಟಿಕೊಂಡು ಹೋದ ಹ್ವಾನ್ ದಿಯೇಗೊ ಅದನ್ನು ಬಿಚ್ಚುತ್ತಲೇ ಬಟ್ಟೆಯ ಮೇಲೆ ಮಾತೆಯ ರೂಪ ಮೂಡಿತ್ತು. ಆ ಬಟ್ಟೆ ಕತ್ತಾಳೆ ನಾರಿನದೆಂದು ಪರಂಪರೆ ಹೇಳುತ್ತದೆ. ನಮ್ಮ ಹೊಲದ ಬದುವಿನಲ್ಲಿ ಬೆಳೆದು ಹಗ್ಗಕ್ಕೆ ನಾರು ಕೊಡುವ ಕತ್ತಾಳೆಯೂ ಮೂಲತಃ ಮೆಕ್ಸಿಕೊದ ಕಡೆಯಿಂದಲೇ ಬಂದದ್ದು. ಅದರ ಒರಟುತನ ಬಲ್ಲವರಿಗೆ ಚಿತ್ರದ ನಯ ಏಕೆ ಅಚ್ಚರಿ ಹುಟ್ಟಿಸಿತೆಂಬುದು ತಿಳಿಯುತ್ತದೆ.

ಇತಿಹಾಸಕಾರರು ಎತ್ತುವ ಸಂಶಯಗಳೂ ಹಳೆಯವೇ. 1556ರಲ್ಲೇ ಫ್ರಾನ್ಸಿಸ್ಕನ್ ಮಠದ ಹಿರಿಯರೊಬ್ಬರು ಅದು ಮಾರ್ಕೋಸ್ ಎಂಬ ಸ್ಥಳೀಯ ಚಿತ್ರಕಾರ ಬರೆದದ್ದೆಂದು ಪ್ರವಚನದಲ್ಲಿ ಹೇಳಿದ್ದರು. ಘಟನೆಯ ಪೂರ್ಣ ವೃತ್ತಾಂತ ಅಚ್ಚಾದದ್ದು 1648ರಲ್ಲಿ. ಗುಡ್ಡದಲ್ಲಿ ತೊನಾಂತ್ಸಿನ್, ಅಂದರೆ ನಮ್ಮ ಪೂಜ್ಯ ತಾಯಿ ಎಂಬ ದೇವಿಯ ಆರಾಧನೆ ನಡೆಯುತ್ತಿತ್ತೆಂದು 16ನೆಯ ಶತಮಾನದ ಪಾದ್ರಿ ಸಹಗೂನ್ ದಾಖಲಿಸಿ, ಜನ ಮಾತೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆಂದು ಅಸಮಾಧಾನಪಟ್ಟಿದ್ದಾರೆ. ಚರ್ಚಿನ ನಿಲುವು ಸ್ಪಷ್ಟ: 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಇದೇ ದೇವಾಲಯದಲ್ಲಿ ಹ್ವಾನ್ ದಿಯೇಗೊ ಅವರನ್ನು ಸಂತರೆಂದು ಘೋಷಿಸಿದರು. ಹಳೆಯ ತಾಯಿಯ ಜಾಗಕ್ಕೆ ಹೊಸ ತಾಯಿ ಬಂದಾಗ ಭಕ್ತರ ಕಾಲು ಹಳೆಯ ದಾರಿಯನ್ನೇ ಹಿಡಿದವೆಂಬುದು ನನ್ನ ಅನಿಸಿಕೆ. ಕಪ್ಪುಗೆಂಪು ಮೈಬಣ್ಣದ ಆ ಮಾತೆಯನ್ನು ಜನ ಇಂದಿಗೂ ಅಕ್ಕರೆಯಿಂದ ಮೊರೆನೀತಾ ಎನ್ನುತ್ತಾರೆ, ಅಂದರೆ ಕಂದುಬಣ್ಣದವಳು.

ಚಿತ್ರವಿರುವುದು 1976ರಲ್ಲಿ ಮುಗಿದ ವೃತ್ತಾಕಾರದ ಹೊಸ ಕಟ್ಟಡದಲ್ಲಿ. ಪೆದ್ರೊ ರಮೀರೆಸ್ ವಾಸ್ಕೆಸ್ ಅವರ ತಂಡದ ವಿನ್ಯಾಸದ ಅದರಲ್ಲಿ ಸುಮಾರು 10,000 ಜನ ಸೇರಬಹುದು. ಚಿತ್ರದ ಕೆಳಗೆ ಚಲಿಸುವ ಪಟ್ಟಿಗಳಿವೆ. ನಿಂತವರನ್ನು ಅವೇ ಸಾಗಿಸುವುದರಿಂದ ದರ್ಶನ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಬೇಕಿದ್ದರೆ ಮತ್ತೆ ಹತ್ತಬಹುದು. ನೂಕುವವರಿಲ್ಲ. ಪಕ್ಕದ 1709ರ ಹಳೆಯ ದೇವಾಲಯ ವಾಲಿರುವುದು ಬರಿಗಣ್ಣಿಗೇ ಕಾಣುತ್ತದೆ, ಏಕೆಂದರೆ ನಗರದ ಬಹುಭಾಗ ನಿಂತಿರುವುದು ಬತ್ತಿಸಿದ ಕೆರೆಯ ಮೆತ್ತನೆ ಮಣ್ಣಿನ ಮೇಲೆ. ಅನ್ಯಧರ್ಮೀಯರಿಗೆ ತಡೆಯಿಲ್ಲ, ಟೋಪಿ ತೆಗೆದು, ಪ್ರಾರ್ಥನೆ ನಡೆಯುವಾಗ ಮೌನವಾಗಿದ್ದರೆ ಸಾಕು. ಮಂಡಿಯೂರಿಕೊಂಡೇ ಅಂಗಳ ದಾಟುವ ಭಕ್ತರ ಫೋಟೊ ತೆಗೆಯಬೇಡಿ. ಡಿಸೆಂಬರ್ 12ರ ಹಬ್ಬಕ್ಕೆ ಲಕ್ಷಾಂತರ ಯಾತ್ರಿಕರು ಸೇರುವುದರಿಂದ ಹಿರಿಯರೊಂದಿಗೆ ಆ ವಾರ ಹೋಗುವುದು ಬೇಡ.

ಪ್ರಶ್ನೆ: ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊದ ವೀಸಾ ಬೇಕೇ?

ಉತ್ತರ: ಅವಧಿ ಮೀರದ ಅಮೆರಿಕ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ. ಅದು ಹಲವು ಬಾರಿಯ ಪ್ರವೇಶಕ್ಕೆ ಅವಕಾಶ ಕೊಡುವ ವೀಸಾ ಹೌದೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಅಮೆರಿಕಕ್ಕೆ ಹಿಂದಿರುಗುವುದೇ ಸಮಸ್ಯೆಯಾಗುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಮೆಕ್ಸಿಕೊ ದೂತಾವಾಸದ ಸದ್ಯದ ನಿಯಮವನ್ನು ಓದಿ.

ಪ್ರಶ್ನೆ: ಪ್ರವಾಸದ ಶುಲ್ಕದಲ್ಲೇ ಊಟವೂ ಸೇರಿದೆ. ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳುತ್ತೇವೆಯೇ?

ಉತ್ತರ: ಉಪವಾಸವೇನೂ ಬೀಳುವುದಿಲ್ಲ, ಆದರೆ ಮಾಂಸ ಬೇಡವೆಂದರೆ ಸಾಲದು. ಅರೆದ ಹುರುಳಿಕಾಯಿ ಬೀಜದ ಪಲ್ಯಕ್ಕೆ ಹಂದಿಯ ಕೊಬ್ಬನ್ನೂ ಅನ್ನಕ್ಕೆ ಕೋಳಿಯ ಸಾರನ್ನೂ ಹಾಕುವುದುಂಟು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಮಾಂತೇಕಾ’ ಎಂದರೆ ಮಾಂಸ, ಕೋಳಿ, ಹಂದಿಕೊಬ್ಬು ಮೂರೂ ಬೇಡವೆಂದಾಯಿತು. ಮೆಕ್ಕೆಜೋಳದ ರೊಟ್ಟಿಯಾದ ತೊರ್ತಿಯಾ, ಬೆಣ್ಣೆಹಣ್ಣನ್ನು ಅರೆದ ಗ್ವಾಕಮೋಲೆ, ಕುಂಬಳದ ಹೂವನ್ನು ತುಂಬಿ ಮಡಿಸಿದ ರೊಟ್ಟಿಯಾದ ಕೆಸದೀಯಾ ಸಾಮಾನ್ಯವಾಗಿ ಸಿಗುತ್ತವೆ. ಮುಳ್ಳು ತೆಗೆದು ಸುಟ್ಟ ಪಾಪಾಸುಕಳ್ಳಿಯ ಎಲೆಯನ್ನೂ ಒಮ್ಮೆ ರುಚಿ ನೋಡಿ. ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ ಬಿಡುತ್ತದೆ, ನಿಂಬೆರಸ ಹಿಂಡಿದರೆ ಚೆನ್ನಾಗಿರುತ್ತದೆ.