ಓದುಗರ ಪ್ರಶ್ನೆ: ಸೇನೆಗೆ ಸಾಮಾನು ಬರುವುದು ಯಾಕಿಷ್ಟು ತಡ?

2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿದ ಮೇಲೆ ಸೇನೆಯ ಬಗ್ಗೆ ತುಂಬಾ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ರಕ್ಷಣೆಗೆ ಇಷ್ಟು ಲಕ್ಷ ಕೋಟಿ ಅಂತ ಬಜೆಟ್‌ನಲ್ಲಿ ಓದುತ್ತಾರೆ. ಆಮೇಲೆ ವಿಮಾನ ಸಾಲದು, ಫಿರಂಗಿ ಸಾಲದು ಅಂತ ಸುದ್ದಿ. ದುಡ್ಡೆಲ್ಲ ಎಲ್ಲಿ ಹೋಗುತ್ತೆ?
– ಶಿಕ್ಷಕಿ, ತರೀಕೆರೆ

ಉತ್ತರ: 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಕೊಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ ಬೇಕು. ಸುಮಾರು 14 ಲಕ್ಷ ಜನರ ಸಂಬಳ, ರೇಷನ್, ಬಟ್ಟೆ, ಡೀಸೆಲ್, ರಿಪೇರಿ, ಮದ್ದುಗುಂಡು ಎಲ್ಲ ಸೇರಿದರೆ ಇನ್ನೂ ದೊಡ್ಡ ಪಾಲು ಹೋಗುತ್ತದೆ. ಹೊಸ ಆಯುಧ, ಹಡಗು, ವಿಮಾನಗಳ ಲೆಕ್ಕಕ್ಕೆ ಉಳಿಯುವುದು 1.80 ಲಕ್ಷ ಕೋಟಿ. ಅದರಲ್ಲೂ ಹಿಂದೆ ಮಾಡಿಕೊಂಡ ಒಪ್ಪಂದಗಳ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಕಮ್ಮಿ.

ಪಿಂಚಣಿ ಕಡಿಮೆ ಮಾಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ವಯಸ್ಸೆಲ್ಲ ಗಡಿಯಲ್ಲಿ ಕಳೆದವರಿಗೆ ಕೊಡುವ ಮಾತು ಅದು. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. 2024-25ರಲ್ಲಿ ಖರೀದಿಗೆ ಅಂತ ಇಟ್ಟ 1.72 ಲಕ್ಷ ಕೋಟಿಯನ್ನು ವರ್ಷದ ಮಧ್ಯದಲ್ಲಿ ಸುಮಾರು 1.60 ಲಕ್ಷ ಕೋಟಿಗೆ ಇಳಿಸಿದರು. ಕೊಟ್ಟ ದುಡ್ಡೇ ಪೂರ್ತಿ ಖರ್ಚಾಗುವುದಿಲ್ಲ ಅಂದರೆ, ಕೊರತೆ ಬರೀ ದುಡ್ಡಿನದಲ್ಲ ಅಲ್ವಾ?

ಪ್ರಶ್ನೆ: ನಾನು ಆರ್ಟಿಲರಿಯಲ್ಲಿ ಇದ್ದವನು. ಬೋಫೋರ್ಸ್ ಆದ ಮೇಲೆ ನಾವು ಸರ್ವಿಸ್ ಮುಗಿಸಿ ಬರುವವರೆಗೂ ಹೊಸ ದೊಡ್ಡ ಫಿರಂಗಿ ನೋಡಲೇ ಇಲ್ಲ. ಯಾಕೆ ಹೀಗೆ?
– ನಿವೃತ್ತ ಹವಾಲ್ದಾರ್, ಮಡಿಕೇರಿ

ಉತ್ತರ: ಸರ್, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಆದರೂ ಉಳಿದ ಓದುಗರಿಗಾಗಿ ಹೇಳುತ್ತೇನೆ. 1986ರಲ್ಲಿ ಸ್ವೀಡನ್‌ನಿಂದ 410 ಬೋಫೋರ್ಸ್ ಫಿರಂಗಿ ಕೊಳ್ಳಲು ಒಪ್ಪಂದವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಹೇಳಿತು. ದೇಶದ ರಾಜಕೀಯವೇ ಅಲುಗಾಡಿತು. ಅಲ್ಲಿಂದ ಮುಂದೆ 155 ಮಿ.ಮೀ. ಬಾಯಿಯ ದೊಡ್ಡ ಫಿರಂಗಿಯ ಫೈಲ್ ಅಂದರೆ ಎಲ್ಲರಿಗೂ ಭಯ. ಟೆಂಡರ್ ಕರೆದರು, ರದ್ದು ಮಾಡಿದರು, ಮತ್ತೆ ಕರೆದರು, ಕಂಪನಿಗಳನ್ನು ಕಪ್ಪುಪಟ್ಟಿಗೆ ಸೇರಿಸಿದರು. ಅಮೆರಿಕದ ಎಂ-777 ಫಿರಂಗಿಗೆ ಸಹಿ ಬಿದ್ದದ್ದು 2016ರ ನವೆಂಬರ್‌ನಲ್ಲಿ. ಲೆಕ್ಕ ಹಾಕಿ, ಮೂವತ್ತು ವರ್ಷ. ನಡುವೆ 1999ರಲ್ಲಿ ಕಾರ್ಗಿಲ್ ಯುದ್ಧ ಬಂತು, ದ್ರಾಸ್‌ನಲ್ಲಿ ಬೆಟ್ಟದ ಮೇಲಿನ ಬಂಕರ್‌ಗಳನ್ನು ಒಡೆದದ್ದು ಇದೇ ಬೋಫೋರ್ಸ್. ಇನ್ನೂ ಒಂದು ಸಂಗತಿ ಇದೆ. ಆ ಫಿರಂಗಿಯನ್ನು ಇಲ್ಲೇ ಮಾಡಲು ಬೇಕಾದ ನಕ್ಷೆ, ಕಾಗದಪತ್ರ ನಮ್ಮ ಕೈಗೆ ಆಗಲೇ ಬಂದಿದ್ದವು. ಅವನ್ನು ಹೊರತೆಗೆದು ಜಬಲ್‌ಪುರದಲ್ಲಿ 'ಧನುಷ್' ಮಾಡಿ ಸೇನೆಗೆ ಕೊಟ್ಟದ್ದು 2019ರಲ್ಲಿ! ಲಂಚ ತಿಂದವರನ್ನು ಹಿಡಿಯಬೇಕಿತ್ತು, ಖಂಡಿತ. ಅದರ ಬದಲು ಫಿರಂಗಿಯನ್ನೇ ನಿಲ್ಲಿಸಿ ಕೂತೆವು.

ಖರೀದಿಯ ದಾರಿಯೂ ಉದ್ದ. ಮೊದಲು ಸೇನೆ ತನಗೆ ಏನು ಬೇಕು ಅಂತ ಬರೆದು ಕೊಡಬೇಕು. ರಕ್ಷಣಾ ಸಚಿವರ ಸಮಿತಿ ಹೌದು, ಇದು ಬೇಕು ಅನ್ನಬೇಕು. ಆಮೇಲೆ ಟೆಂಡರ್, ತಾಂತ್ರಿಕ ಪರಿಶೀಲನೆ, ರಾಜಸ್ಥಾನದ ಬಿಸಿಲಲ್ಲಿ ಒಂದು ಟ್ರಯಲ್, ಲಡಾಖ್‌ನ ಚಳಿಯಲ್ಲಿ ಇನ್ನೊಂದು, ನಂತರ ದರದ ಚೌಕಾಸಿ, ಹಣಕಾಸಿನವರ ಒಪ್ಪಿಗೆ, ದೊಡ್ಡ ಮೊತ್ತವಾದರೆ ಕೊನೆಗೆ ಸಂಪುಟದ ಭದ್ರತಾ ಸಮಿತಿ. ಟ್ರಯಲ್‌ನಲ್ಲಿ ಒಂದೇ ಕಂಪನಿ ಉಳಿದರೆ ಪೈಪೋಟಿಯೇ ಇಲ್ಲ ಅಂತ ಫೈಲ್ ಎಷ್ಟೋ ಸಲ ಮೊದಲಿನ ಜಾಗಕ್ಕೇ ವಾಪಸ್ ಬಂದಿದೆ. ಸಹಿ ಹಾಕಿದ ಅಧಿಕಾರಿಯ ಮೇಲೆ ನಿವೃತ್ತಿ ಆದ ಮೇಲೂ ತನಿಖೆ ಬರಬಹುದು, ಸಹಿ ಹಾಕದೆ ಕೂತವರನ್ನು ಯಾರೂ ಕೇಳುವುದಿಲ್ಲ.

126 ಯುದ್ಧವಿಮಾನಗಳ ಕಥೆಯೂ ಹೀಗೇ. 2007ರಲ್ಲಿ ಟೆಂಡರ್. ಆರು ವಿಮಾನಗಳನ್ನು ಹಾರಿಸಿ ನೋಡಿದರು. 2012ರಲ್ಲಿ ಫ್ರಾನ್ಸಿನ ರಫೇಲ್ ಗೆದ್ದಿತು. ಅದರಲ್ಲಿ 108ನ್ನು ಎಚ್‌ಎಎಲ್ ಇಲ್ಲಿ ಕಟ್ಟಬೇಕಿತ್ತು, ಅವಕ್ಕೆ ಗ್ಯಾರಂಟಿ ಯಾರು ಕೊಡಬೇಕು ಅನ್ನುವ ಜಗಳ ಮುಗಿಯಲೇ ಇಲ್ಲ. ಕೊನೆಗೆ 2016ರಲ್ಲಿ ಬರೀ 36 ಕೊಂಡರು, ಮೊದಲ ಐದು ಅಂಬಾಲಾಕ್ಕೆ ಬಂದದ್ದು 2020ರಲ್ಲಿ. ವಾಯುಪಡೆಗೆ ಮಂಜೂರಾದದ್ದು 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ. ಮಿಗ್-21 ಹೋದ ಮೇಲೆ ಉಳಿದದ್ದು 29.

ಪ್ರಶ್ನೆ: ತೇಜಸ್ ಶುರುವಾಗಿ ನಲವತ್ತು ವರ್ಷ ದಾಟಿತು. ರಾಕೆಟ್ ಬಿಡುವ ದೇಶಕ್ಕೆ ಒಂದು ವಿಮಾನ ಬೇಗ ಮಾಡಲು ಆಗಲ್ವಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ವಿಮಾನ ಮಾಡಿದ್ದೇವೆ. ಇಲ್ಲದ್ದು ಎಂಜಿನ್. ಈ ಕೊರತೆ ತೇಜಸ್‌ಗಿಂತ ಹಳೆಯದು. 1961ರಲ್ಲೇ ಬೆಂಗಳೂರಿನಲ್ಲಿ ಎಚ್‌ಎಎಲ್ 'ಮಾರುತ್' ಅನ್ನುವ ಜೆಟ್ ಯುದ್ಧವಿಮಾನ ಹಾರಿಸಿತ್ತು. ಚೆಂದದ ವಿಮಾನ, 1971ರಲ್ಲಿ ಲೋಂಗೆವಾಲಾ ಕಡೆಯ ಯುದ್ಧದಲ್ಲೂ ಇತ್ತು. ಆದರೆ ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗಲೇ ಇಲ್ಲ, ಹಾಗಾಗಿ ಮುಂದೆ ಬೆಳೆಯಲಿಲ್ಲ. ಬರೋಬ್ಬರಿ ಅದೇ ತೊಂದರೆ ತೇಜಸ್‌ಗೂ ಬಂತು. 1983ರಲ್ಲಿ ಯೋಜನೆಗೆ ಒಪ್ಪಿಗೆ. ಅದಕ್ಕೆಂದೇ 'ಕಾವೇರಿ' ಎಂಜಿನ್ ಕೆಲಸ ಶುರು ಮಾಡಿದರು, ವಿಮಾನವನ್ನು ಮುಂದಕ್ಕೆ ತಳ್ಳಲು ಬೇಕಾದಷ್ಟು ಒತ್ತುಬಲ ಬರಲಿಲ್ಲ. ಕೆಂಪಗೆ ಕಾದ ಗಾಳಿಯಲ್ಲಿ ಸಾವಿರಾರು ಗಂಟೆ ತಿರುಗಿದರೂ ಸವೆಯದ ಬ್ಲೇಡ್ ಮಾಡುವ ವಿದ್ಯೆ ಅದು. ಗೊತ್ತಿರುವ ದೇಶಗಳೇ ಬೆರಳೆಣಿಕೆ, ಅವರು ಯಾರಿಗೂ ಹೇಳಿಕೊಡುವುದಿಲ್ಲ.

1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹಾಕಿತು, ಅಲ್ಲಿ ಹಾರಾಟ ನಿಯಂತ್ರಣದ ಕೆಲಸದಲ್ಲಿದ್ದ ನಮ್ಮ ಎಂಜಿನಿಯರುಗಳು ವಾಪಸ್ ಬರಬೇಕಾಯಿತು, ಉಳಿದ ಕೆಲಸವನ್ನು ಅವರು ಬೆಂಗಳೂರಿನಲ್ಲೇ ಕೂತು ಮುಗಿಸಿದರು. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿತು. ಆ ಜನರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. 2021ರಲ್ಲಿ 83 ತೇಜಸ್ ಮಾರ್ಕ್-1ಎಗೆ ಆರ್ಡರ್ ಕೊಟ್ಟರು. 2024ರಲ್ಲಿ ಮೊದಲನೆಯದು ಬರಬೇಕಿತ್ತು, ಬರಲಿಲ್ಲ. ಅಮೆರಿಕದ ಕಂಪನಿಯಿಂದ ಬರಬೇಕಿದ್ದ ಎಂಜಿನ್‌ಗಳಲ್ಲಿ ಮೊದಲನೆಯದು ಸಿಕ್ಕಿದ್ದೇ 2025ರ ಮಾರ್ಚ್‌ನಲ್ಲಿ. ಅದೇ ವರ್ಷ ಇನ್ನೂ 97ಕ್ಕೆ ಆರ್ಡರ್ ಹೋಯಿತು. ನೀವು ಎಂಜಿನಿಯರಿಂಗ್ ಓದುತ್ತಿದ್ದೀರಿ. ಲೋಹವಿಜ್ಞಾನದ ಕಡೆ ಒಮ್ಮೆ ನೋಡಿ, ಸಾಫ್ಟ್‌ವೇರ್ ಕಡೆಗೇ ಎಲ್ಲರೂ ಹೋಗುತ್ತಿದ್ದಾರೆ, ಇಲ್ಲಿ ಜನ ಬೇಕು.

ಪ್ರಶ್ನೆ: ನಾವು ಈಗಲೂ ರಷ್ಯಾವನ್ನೇ ನಂಬಿದ್ದೇವಾ?
– ವರ್ತಕರು, ಗದಗ

ಉತ್ತರ: ಮೊದಲಿನಷ್ಟು ಇಲ್ಲ. ದೇಶದೇಶಗಳ ಆಯುಧ ವ್ಯಾಪಾರದ ಲೆಕ್ಕ ಇಡುವ ಸ್ವೀಡನ್ನಿನ ಸಿಪ್ರಿ ಸಂಸ್ಥೆಯ ಪ್ರಕಾರ 2010-14ರಲ್ಲಿ ನಮ್ಮ ಆಯುಧ ಆಮದಿನಲ್ಲಿ ರಷ್ಯಾದ ಪಾಲು ಶೇ. 72 ಇತ್ತು, 2020-24ರಲ್ಲಿ ಶೇ. 36ಕ್ಕೆ ಬಂತು. ಆದರೆ ಸುಖೋಯ್, ಟಿ-90 ಟ್ಯಾಂಕ್ ಎಲ್ಲ ಅಲ್ಲಿನವೇ, ಅವುಗಳ ಬಿಡಿಭಾಗ ಇನ್ನೂ ಎಷ್ಟೋ ವರ್ಷ ಬೇಕು.

ಪ್ರಶ್ನೆ: ನನ್ನ ಮಗ ಕಾಲಾಳುಪಡೆಯಲ್ಲಿದ್ದಾನೆ. ವಿಮಾನ, ಹಡಗಿನ ಮಾತು ನನಗೆ ತಿಳಿಯದು. ಅವನ ಕೈಗೆ ಒಳ್ಳೆಯ ಬಂದೂಕು, ಮೈಗೆ ಗುಂಡು ತಡೆಯುವ ಜಾಕೆಟ್ ಕೊಡುತ್ತಾರಾ?
– ಒಬ್ಬ ತಾಯಿ, ಗೋಕಾಕ

ಉತ್ತರ: ಅಮ್ಮ, ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಜಾಕೆಟ್ ವಿಷಯದಲ್ಲಿ ಕಾಯಿಸಿದ್ದು ನಿಜ. 2009ರಲ್ಲಿ ಬೇಕು ಅಂತ ಒಪ್ಪಿದ 1.86 ಲಕ್ಷ ಜಾಕೆಟ್‌ಗಳಿಗೆ ಒಪ್ಪಂದ ಆದದ್ದು 2018ರಲ್ಲಿ, ಅಷ್ಟರಲ್ಲಿ 50,000 ಜಾಕೆಟ್‌ಗಳನ್ನು ತುರ್ತಾಗಿ ಕೊಳ್ಳಬೇಕಾಯಿತು. ಈಗ ಪರಿಸ್ಥಿತಿ ಎಷ್ಟೋ ವಾಸಿ. ಬಂದೂಕು ಕೂಡ ಬದಲಾಗುತ್ತಿದೆ. ಹಳೆಯ ಇನ್ಸಾಸ್ ಜಾಗಕ್ಕೆ ಎಕೆ-203 ಬರುತ್ತಿದೆ. ಉತ್ತರ ಪ್ರದೇಶದ ಅಮೇಠಿ ಹತ್ತಿರ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಾಡಬೇಕು, ಒಂದೊಂದೇ ರೆಜಿಮೆಂಟ್‌ಗೆ ತಲುಪುತ್ತಿದೆ. ನಿಮ್ಮ ಮಗನ ಯೂನಿಟ್ ಎಲ್ಲಿದೆ ಅಂತ ಪತ್ರದಲ್ಲಿ ಬರೆದಿದ್ದಿರಿ. ಆ ಜಾಗದ ಹೆಸರನ್ನು ನಾವು ಇಲ್ಲಿ ಹಾಕಿಲ್ಲ. ಬೇರೆ ಯಾರು ಕೇಳಿದರೂ ನೀವೂ ಹೇಳಬೇಡಿ.